ಯಾವ ಆಕರವನ್ನು ನಂಬಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಶೋಧನೆಗೆ ಇಳಿದವರವು. ಪ್ರಾಜೆಕ್ಟ್ ವರದಿ ಬರೆಯುವವರು, ಥೀಸಿಸ್ ಮಾಡುವವರು, ತರಗತಿಗೆ ಪಾಠ ಸಿದ್ಧಮಾಡುವವರು, ಎಲ್ಲರ ತೊಡಕೂ ಒಂದೇ: ಓದಲು ಸಿಗುವುದು ರಾಶಿ, ಅದರಲ್ಲಿ ಯಾವುದನ್ನು ನೆಚ್ಚಿಕೊಳ್ಳುವುದು? ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ವಿದ್ವತ್ ಆಕರಗಳನ್ನೇ ಬಳಸಿ’ ಎಂದು ನಮ್ಮ ಗೈಡ್ ಹೇಳಿದ್ದಾರೆ. ಕೈಗೆ ಸಿಕ್ಕ ಲೇಖನ ವಿದ್ವತ್ ಲೇಖನವೋ ಜನಪ್ರಿಯ ಲೇಖನವೋ ಎಂದು ಹೇಗೆ ಗುರುತಿಸಲಿ? ಪತ್ರಿಕೆಗಳ ಬರಹವನ್ನು ಮುಟ್ಟಲೇಬಾರದೇ? (ಪದವಿ ವಿದ್ಯಾರ್ಥಿನಿ)

ಉತ್ತರ: ಮೊದಲು ಲೇಖನದ ಹಣೆ ಮತ್ತು ಪಾದ ನೋಡಿ. ವಿದ್ವತ್ ಲೇಖನದ ಹಣೆಯಲ್ಲಿ ಲೇಖಕರ ಹೆಸರು, ಅವರು ಕೆಲಸ ಮಾಡುವ ಸಂಸ್ಥೆ, ಸಂಪರ್ಕದ ಇಮೇಲ್, ಒಂದು ಸಾರಾಂಶ ಇರುತ್ತವೆ. ಅನೇಕ ಜರ್ನಲ್‌ಗಳು ಪ್ರಬಂಧ ತಮಗೆ ತಲುಪಿದ ದಿನ, ತಿದ್ದುಪಡಿಯಾಗಿ ಬಂದ ದಿನ, ಒಪ್ಪಿಗೆಯಾದ ದಿನ ಈ ಮೂರನ್ನೂ ಅಚ್ಚು ಹಾಕುತ್ತವೆ. ಪಾದದಲ್ಲಿ ಆಕರಗಳ ಪಟ್ಟಿ, ಸಂಶೋಧನೆಗೆ ಹಣ ಕೊಟ್ಟವರು ಯಾರು, ಲೇಖಕರಿಗೆ ಹಿತಾಸಕ್ತಿಯ ಸಂಘರ್ಷ ಇದೆಯೇ ಎಂಬ ಘೋಷಣೆ. ನಡುವಿನಲ್ಲಿ ‘ಹೀಗೆ ಮಾಡಿದೆವು’ ಎಂದು ವಿಧಾನ ಹೇಳುವ ಭಾಗ. ಇನ್ನೊಬ್ಬರು ಅದನ್ನು ಓದಿ ಅದೇ ಕೆಲಸವನ್ನು ಮತ್ತೆ ಮಾಡಿ ನೋಡುವಷ್ಟು ವಿವರ ಅದರಲ್ಲಿರಬೇಕು. ಜನಪ್ರಿಯ ಲೇಖನದಲ್ಲಿ ಇವು ಇರುವುದಿಲ್ಲ, ಇರಬೇಕೆಂದೂ ಇಲ್ಲ. ಸಾಮಾನ್ಯ ಓದುಗರಿಗೆ ತಿಳಿಯುವಂತೆ ಹೇಳುವುದು ಅದರ ಕೆಲಸ.

ಎಲ್ಲರೂ ಜಾರುವ ಜಾಗ ಒಂದಿದೆ. ಜರ್ನಲ್‌ನಲ್ಲಿ ಅಚ್ಚಾದದ್ದೆಲ್ಲ ವಿಮರ್ಶಕರ ಕಣ್ಣು ದಾಟಿ ಬಂದದ್ದಲ್ಲ. ಸಂಪಾದಕೀಯ, ಓದುಗರ ಪತ್ರ, ಪುಸ್ತಕ ವಿಮರ್ಶೆ, ಅಭಿಪ್ರಾಯ ಲೇಖನ, ಸುದ್ದಿ, ಇವೆಲ್ಲ ಅದೇ ಸಂಚಿಕೆಯಲ್ಲಿ, ಅದೇ ಅಕ್ಷರವಿನ್ಯಾಸದಲ್ಲಿ ಕೂತಿರುತ್ತವೆ. ಶೀರ್ಷಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಲೇಖನದ ಬಗೆ ಬರೆದಿರುತ್ತದೆ. ಅದನ್ನು ಓದದೆ ಪಿಡಿಎಫ್ ಇಳಿಸಿಕೊಳ್ಳಬೇಡಿ.

ಜನಪ್ರಿಯ ಬರಹವನ್ನು ಮುಟ್ಟಬಾರದೆಂದೇನಿಲ್ಲ. ಹೊಸ ವಿಷಯದ ಒಳಹೊಗಲು ಅದು ಒಳ್ಳೆಯ ಬಾಗಿಲು. ಯಾವ ಸಂಶೋಧಕರು, ಯಾವ ಪದಗಳು, ಯಾವ ವಾದಗಳು ಎಂಬುದು ಅಲ್ಲಿ ಬೇಗ ಸಿಗುತ್ತದೆ. ಆಮೇಲೆ ಆ ಹೆಸರುಗಳನ್ನು ಹಿಡಿದು ಮೂಲಕ್ಕೆ ಹೋಗಿ, ಮೂಲವನ್ನೇ ಉಲ್ಲೇಖಿಸಿ. ನಿಮ್ಮ ಸಂಶೋಧನೆಯೇ ಪತ್ರಿಕೆಗಳ ಕುರಿತಾಗಿದ್ದರೆ, ಒಂದು ಘಟನೆ ಜನರಿಗೆ ಹೇಗೆ ತಲುಪಿತು ಎಂದು ನೋಡುತ್ತಿದ್ದರೆ, ಪತ್ರಿಕೆಯ ವರದಿಯೇ ನಿಮ್ಮ ಪ್ರಾಥಮಿಕ ಆಕರ. ಹಾಗಾಗಿ ಒಂದು ಆಕರ ಸರಿಯೋ ತಪ್ಪೋ ಎಂಬುದು ಅದರಿಂದ ನೀವು ಏನನ್ನು ಸಾಧಿಸಲು ಹೊರಟಿದ್ದೀರಿ ಎಂಬುದರ ಮೇಲೆ ನಿಂತಿದೆ.

ಪ್ರಶ್ನೆ: ಪೀರ್ ರಿವ್ಯೂ ಆದ ಪ್ರಬಂಧ ಎಂದಮೇಲೆ ಇನ್ನೇನು ಅನುಮಾನ? ಅದನ್ನೂ ಪರೀಕ್ಷಿಸುತ್ತ ಕೂತರೆ ಥೀಸಿಸ್ ಮುಗಿಯುವುದು ಯಾವಾಗ? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಪೀರ್ ರಿವ್ಯೂ ಎಂದರೆ ಸಾಮಾನ್ಯವಾಗಿ ಅದೇ ಕ್ಷೇತ್ರದ ಇಬ್ಬರು ಮೂವರು ಹಸ್ತಪ್ರತಿ ಓದಿ ಸಂಪಾದಕರಿಗೆ ಅಭಿಪ್ರಾಯ ಬರೆದು ಕಳಿಸುವುದು. ವಿಧಾನ ಸರಿಯಿದೆಯೇ, ತೀರ್ಮಾನ ಅಂಕಿಗಳಿಂದ ಹೊರಡುತ್ತದೆಯೇ, ಹಿಂದಿನವರ ಕೆಲಸವನ್ನು ಗಮನಿಸಿದ್ದಾರೆಯೇ ಎಂದು ಅವರು ನೋಡುತ್ತಾರೆ. ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. ಮೂಲ ದತ್ತಾಂಶ ಅವರ ಕೈಗೆ ಬರುವುದೇ ಅಪರೂಪ. ಲೇಖಕ ಅಂಕಿಗಳನ್ನು ಕಟ್ಟಿಕೊಟ್ಟಿದ್ದರೆ ವಿಮರ್ಶಕರಿಗೆ ಅದು ಗೊತ್ತಾಗುವ ದಾರಿ ಕಡಿಮೆ.

ಎರಡು ಉದಾಹರಣೆ ನೋಡಿ, ಎರಡೂ ‘ದಿ ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಜರ್ನಲ್‌ನವು. ಎಂಎಂಆರ್ (ದಡಾರ, ಮಂಪ್ಸ್, ರುಬೆಲ್ಲಾ ತಡೆಯುವ) ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರ ಪ್ರಬಂಧ 1998ರಲ್ಲಿ ಬಂತು. ಅದು ನಿಂತದ್ದು ಕೇವಲ 12 ಮಕ್ಕಳ ಮೇಲೆ. ಜರ್ನಲ್ ಅದನ್ನು ಪೂರ್ತಿ ಹಿಂಪಡೆದದ್ದು, ಅಂದರೆ ಇದನ್ನು ಇನ್ನು ನಂಬಬೇಡಿ ಎಂದು ಘೋಷಿಸಿದ್ದು, 2010ರಲ್ಲಿ, ಅಂದರೆ ಹನ್ನೆರಡು ವರ್ಷ ಕಳೆದ ಮೇಲೆ. ಇನ್ನೊಂದು, 2020ರ ಮೇ ತಿಂಗಳಲ್ಲಿ, ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧದ ಕುರಿತು ಬಂದ ಪ್ರಬಂಧ. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ಮಾಹಿತಿ ಎಂದು ಹೇಳಿಕೊಂಡಿತ್ತು. ಆ ಮೂಲ ದತ್ತಾಂಶವನ್ನು ಬೇರೆಯವರು ಪರಿಶೀಲಿಸಲು ಸಾಧ್ಯವಾಗದೆ, ಎರಡು ವಾರದೊಳಗೆ ಅದನ್ನೂ ಹಿಂಪಡೆಯಬೇಕಾಯಿತು. ಮೊದಲನೆಯದು 12, ಎರಡನೆಯದು 96,000. ಸಂಖ್ಯೆ ದೊಡ್ಡದಿದ್ದಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ ಎಂಬುದು ಇಲ್ಲೇ ಕಾಣುತ್ತದೆ.

ಮೋಸವಿಲ್ಲದ ಕಡೆಯೂ ಎಚ್ಚರ ಬೇಕು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯ, ಅಂದರೆ ಬರೀ ಆಕಸ್ಮಿಕ ಎನ್ನಲಾಗದ, ಫಲಿತಾಂಶ ಕೊಟ್ಟಿದ್ದವು. ಮರುಪ್ರಯೋಗದಲ್ಲಿ ಹಾಗೆ ಬಂದದ್ದು ಶೇ 36 ಮಾತ್ರ. ಎಲ್ಲ ಕ್ಷೇತ್ರಕ್ಕೂ ಈ ಅಂಕಿಯನ್ನು ಹಚ್ಚಬೇಡಿ, ಆದರೆ ಒಂದೇ ಒಂದು ಅಧ್ಯಯನವನ್ನು ಕಂಬ ಮಾಡಿಕೊಂಡು ಅಧ್ಯಾಯ ಕಟ್ಟುವ ಮುನ್ನ ಇದನ್ನು ನೆನೆಯಿರಿ.

ಥೀಸಿಸ್ ಮುಗಿಯುವುದು ಯಾವಾಗ ಎಂದಿರಿ. ಪ್ರತಿ ಪ್ರಬಂಧಕ್ಕೂ ಇಷ್ಟು ಸಮಯ ಬೇಕಿಲ್ಲ. ಹಿಂಪಡೆದ ಪ್ರಬಂಧವೇ ಎಂದು ನೋಡಲು ಒಂದೆರಡು ನಿಮಿಷ ಸಾಕು. ಡಿಒಐ ಸಂಖ್ಯೆಯನ್ನು (ಪ್ರತಿ ಪ್ರಬಂಧಕ್ಕೂ ಇರುವ ಶಾಶ್ವತ ಗುರುತುಸಂಖ್ಯೆ) ಹಾಕಿ ಜರ್ನಲ್‌ನ ಸ್ವಂತ ಪುಟ ತೆರೆಯಿರಿ, ಹಿಂಪಡೆದಿದ್ದರೆ ಅಲ್ಲಿ ದೊಡ್ಡದಾಗಿ ಹಾಕಿರುತ್ತಾರೆ. ‘ರಿಟ್ರ್ಯಾಕ್ಷನ್ ವಾಚ್’ ದತ್ತಸಂಚಯದಲ್ಲಿ ಶೀರ್ಷಿಕೆಯನ್ನು ಹುಡುಕಿ, ಅದು ಈಗ ಎಲ್ಲರಿಗೂ ಉಚಿತ. ಉಲ್ಲೇಖಗಳನ್ನು ಜೋಡಿಸಿಡಲು ‘ಜೊಟೆರೊ’ ಬಳಸುವವರಿಗೆ ಹಿಂಪಡೆದ ಪ್ರಬಂಧದ ಮೇಲೆ ಅದೇ ಎಚ್ಚರಿಕೆ ತೋರಿಸುತ್ತದೆ. ಕೆಲಸ ಕೆಡುವುದು ಎರಡು ವರ್ಷದ ಹಿಂದೆ ಇಳಿಸಿಟ್ಟ ಪಿಡಿಎಫ್ ನೆಚ್ಚಿದಾಗ. ಜಗತ್ತಿನಲ್ಲಿ ಏನೇ ಆದರೂ ನಿಮ್ಮ ಕಂಪ್ಯೂಟರಿನ ಪ್ರತಿ ಹಾಗೇ ಇರುತ್ತದೆ. ಥೀಸಿಸ್ ಒಪ್ಪಿಸುವ ವಾರ ಆಕರಪಟ್ಟಿಯನ್ನೆಲ್ಲ ಇನ್ನೊಮ್ಮೆ ಹೀಗೆ ಸೋಸಿ.

ಪ್ರಶ್ನೆ: ನಾನು ಓದಿದ ಹತ್ತು ಪ್ರಬಂಧಗಳೂ ಒಂದೇ ಹಳೆಯ ಲೇಖನವನ್ನು ಉಲ್ಲೇಖಿಸುತ್ತವೆ. ಮೂಲ ಸಿಗುತ್ತಿಲ್ಲ. ಇಷ್ಟು ಜನ ಒಪ್ಪಿದ್ದನ್ನು ನಾನೂ ಹಾಗೇ ಉಲ್ಲೇಖಿಸಬಹುದಲ್ಲವೇ? (ಪಿಎಚ್.ಡಿ. ವಿದ್ಯಾರ್ಥಿನಿ)

ಉತ್ತರ: ದಯವಿಟ್ಟು ಬೇಡ. ಹತ್ತು ಜನ ಹೇಳಿದರು ಎಂಬುದು ಹತ್ತು ಸಾಕ್ಷಿಯಾಗುವುದಿಲ್ಲ. ಒಬ್ಬ ನೋಡಿದ್ದನ್ನು ಒಂಬತ್ತು ಜನ ಕೇಳಿ ಹೇಳಿರಬಹುದು. ಆ ಒಬ್ಬನೂ ಸರಿಯಾಗಿ ನೋಡಿರದೆ ಇರಬಹುದು. ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

1980ರ ಜನವರಿಯಲ್ಲಿ ‘ದಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಪಾದಕರಿಗೆ ಬಂದ ಒಂದು ಪತ್ರವನ್ನು ಅಚ್ಚು ಹಾಕಿತು. ಒಂದೇ ಪ್ಯಾರಾ, ಐದು ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿದ್ದವರಲ್ಲಿ ಮಾದಕ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆ ನೋಡಿದೆವು, ಹಿಂದೆ ಚಟದ ಇತಿಹಾಸವಿಲ್ಲದವರಲ್ಲಿ ಚಟ ಹತ್ತಿದ್ದು ಕೇವಲ ನಾಲ್ವರಿಗೆ, ಇಷ್ಟೇ ಅದರ ತಿರುಳು. ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರು ಔಷಧ ಪಡೆದವರ ಮಾತು ಅದು. ಮನೆಗೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಇಷ್ಟಾಗಿಯೂ ಅದು ‘ನೋವುನಿವಾರಕ ಕೊಟ್ಟರೆ ಚಟ ಹತ್ತುವುದು ಅಪರೂಪ’ ಎಂಬ ಮಾತಿಗೆ ಪುರಾವೆಯಾಗಿ ಪ್ರಬಂಧದಿಂದ ಪ್ರಬಂಧಕ್ಕೆ ದಾಟಿತು. 2017ರಲ್ಲಿ ಅದೇ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಆ ಪತ್ರಕ್ಕೆ ಸಿಕ್ಕ 608 ಉಲ್ಲೇಖಗಳನ್ನು ಒಂದೊಂದಾಗಿ ತೆಗೆದು ನೋಡಿತು. 439 ಕಡೆ, ಅಂದರೆ ಶೇ 72ರಷ್ಟು ಕಡೆ, ಚಟ ಅಪರೂಪ ಎನ್ನುವುದಕ್ಕೆ ಅದನ್ನು ಆಧಾರ ಮಾಡಿಕೊಂಡಿದ್ದರು. 491 ಕಡೆ, ರೋಗಿಗಳು ಆಸ್ಪತ್ರೆಯಲ್ಲಿ ಇದ್ದವರು ಎಂಬ ಮಾತನ್ನೇ ಬಿಟ್ಟಿದ್ದರು. ಉತ್ತರ ಅಮೆರಿಕದಲ್ಲಿ ಒಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಚಟ ದುರಂತವಾಗಿ ಬೆಳೆದದ್ದಕ್ಕೆ ಈ ಅಜಾಗರೂಕ ಉಲ್ಲೇಖಗಳೂ ಕೈಜೋಡಿಸಿದವು ಎಂಬುದು ಆ ವಿಶ್ಲೇಷಕರ ಅಭಿಪ್ರಾಯ. ಐದು ವಾಕ್ಯ ಓದಲು ಅರ್ಧ ನಿಮಿಷ ಬೇಕು. ಅಷ್ಟನ್ನೂ ಓದದವರು ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು ಎಂದೇ ನಮಗೆ ಅನ್ನಿಸುತ್ತದೆ.

ತಪ್ಪನ್ನು ತಿದ್ದಲು ಹೊರಟವರೂ ಇದೇ ಹಳ್ಳಕ್ಕೆ ಬಿದ್ದದ್ದುಂಟು. ಪಾಲಕ್‌ನಲ್ಲಿ ಕಬ್ಬಿಣ ಬಹಳ ಎಂಬ ನಂಬಿಕೆ ಹುಟ್ಟಿದ್ದು ದಶಮಾಂಶ ಬಿಂದು ತಪ್ಪಾದ್ದರಿಂದ, ಹಾಗಾಗಿ ಅಂಕಿ ಹತ್ತುಪಟ್ಟಾಯಿತು ಎಂಬ ಕಥೆಯನ್ನು ನೀವೂ ಕೇಳಿರಬಹುದು. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನವೊಂದು ಆಕರ ಕೊಡದೆ ಇದನ್ನು ಹೇಳಿತ್ತು. ಅದನ್ನೇ ಹಿಡಿದು ‘ಆಕರ ಪರೀಕ್ಷಿಸಿ’ ಎಂದು ಬುದ್ಧಿ ಹೇಳುವ ಬರಹಗಳು ಸಾಲುಸಾಲಾಗಿ ಬಂದವು. 2010ರಲ್ಲಿ ಮೈಕ್ ಸಟ್ಟನ್ ಎಂಬ ಅಪರಾಧಶಾಸ್ತ್ರಜ್ಞ ಮೂಲ ಹುಡುಕುತ್ತ ಹೋದಾಗ ಆ ಬಿಂದುವಿನ ಕಥೆಗೇ ಆಧಾರ ಸಿಗಲಿಲ್ಲ.

ನಿಮ್ಮ ಹಳೆಯ ಲೇಖನಕ್ಕೆ ಬರೋಣ. ಹತ್ತು ಪ್ರಬಂಧಗಳನ್ನೂ ಮೇಜಿನ ಮೇಲೆ ಹರಡಿ, ಆ ಉಲ್ಲೇಖ ಇರುವ ವಾಕ್ಯಗಳನ್ನಷ್ಟೇ ಒಂದು ಹಾಳೆಯಲ್ಲಿ ವರ್ಷದ ಕ್ರಮದಲ್ಲಿ ಬರೆದುಕೊಳ್ಳಿ. ‘ಕೆಲವರಲ್ಲಿ ಕಂಡುಬಂದಿದೆ’ ಎಂದು ಶುರುವಾದದ್ದು ‘ಸಾಬೀತಾಗಿದೆ’ ಎಂದು ಮುಗಿದಿದ್ದರೆ ಮಾತು ದಾರಿಯಲ್ಲಿ ದಪ್ಪಗಾಗಿದೆ ಎಂದರ್ಥ. ಎಲ್ಲ ಹತ್ತರಲ್ಲೂ ಪುಟಸಂಖ್ಯೆಯೋ ಹೆಸರಿನ ಕಾಗುಣಿತವೋ ಒಂದೇ ರೀತಿ ತಪ್ಪಿದ್ದರೆ ಅವರು ಒಬ್ಬರಿಂದೊಬ್ಬರು ನಕಲು ಮಾಡಿದ್ದಾರೆ, ಮೂಲ ತೆರೆದಿಲ್ಲ. ಗ್ರಂಥಪಾಲಕರಲ್ಲಿ ಅಂತರಗ್ರಂಥಾಲಯ ಎರವಲಿಗೆ ಕೇಳಿ, ಬೇರೆ ಗ್ರಂಥಾಲಯದಿಂದ ಪ್ರತಿ ತರಿಸಿಕೊಡುವ ಈ ವ್ಯವಸ್ಥೆಯನ್ನು ನಮ್ಮ ವಿದ್ಯಾರ್ಥಿಗಳು ಬಳಸುವುದೇ ಕಡಿಮೆ. ಲೇಖಕರು ಬದುಕಿದ್ದರೆ ಎರಡು ಸಾಲಿನ ಇಮೇಲ್ ಬರೆಯಿರಿ, ಎಷ್ಟೋ ಜನ ಸಂತೋಷದಿಂದ ಕಳಿಸುತ್ತಾರೆ. ಏನು ಮಾಡಿದರೂ ಸಿಗದಿದ್ದರೆ ನೀವು ನಿಜವಾಗಿ ಓದಿದ್ದನ್ನೇ ಹೇಳಿ: ‘ಇಂಥವರ ಪ್ರಬಂಧದಲ್ಲಿ ಉಲ್ಲೇಖಿತವಾದಂತೆ’ ಎಂದು. ಇದರಿಂದ ನಿಮ್ಮ ಮರ್ಯಾದೆಗೆ ಕುಂದಿಲ್ಲ. ಓದದ್ದನ್ನು ಓದಿದಂತೆ ತೋರಿಸುವುದು ಮಾತ್ರ ಸಂಶೋಧನೆಗೆ ಬಗೆಯುವ ದ್ರೋಹ.

ಪ್ರಶ್ನೆ: ‘ನಿಮ್ಮ ಪಾಂಡಿತ್ಯ ಮೆಚ್ಚಿದ್ದೇವೆ, ಪ್ರಬಂಧ ಕಳಿಸಿ, ಐದು ದಿನದಲ್ಲಿ ಪ್ರಕಟಿಸುತ್ತೇವೆ’ ಎಂದು ಜರ್ನಲ್‌ಗಳಿಂದ ದಿನಾ ಇಮೇಲ್ ಬರುತ್ತದೆ. ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಇದೆ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು? (ಕಾಲೇಜು ಉಪನ್ಯಾಸಕ)

ಉತ್ತರ: ಐದು ದಿನ ಎಂದದ್ದೇ ಮೊದಲ ಸುಳಿವು. ಇಬ್ಬರು ವಿಮರ್ಶಕರನ್ನು ಹುಡುಕಿ ಒಪ್ಪಿಸುವುದಕ್ಕೇ ವಾರಗಳು ಬೇಕು. ಓದಿ, ಬರೆದು, ತಿದ್ದಿಸಿ, ಮತ್ತೆ ನೋಡುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಐದು ದಿನದಲ್ಲಿ ಪ್ರಕಟಿಸುವವರು ಓದದೆಯೇ ಪ್ರಕಟಿಸುತ್ತಾರೆ.

ಐಎಸ್‌ಎಸ್‌ಎನ್ ಎಂಟು ಸ್ಥಾನಗಳ ಗುರುತುಸಂಖ್ಯೆ ಅಷ್ಟೇ. ಅದು ಗುಣಮಟ್ಟದ ಮುದ್ರೆಯಲ್ಲ, ನಿಯತಕಾಲಿಕ ಯಾವುದೇ ಆಗಿದ್ದರೂ ಅರ್ಜಿ ಹಾಕಿ ಪಡೆಯಬಹುದು. ಆದರೂ ಅದರಿಂದ ಒಂದು ಉಪಯೋಗವುಂಟು. ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿ, ಬರುವ ಹೆಸರು ಇಮೇಲ್‌ನಲ್ಲಿರುವ ಹೆಸರಿಗೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾದರೂ ಜಾಲತಾಣದ ವಿಳಾಸವನ್ನು ಹೋಲಿಸಿ. ಒಳ್ಳೆಯ ಜರ್ನಲ್‌ನ ಹೆಸರು, ಸಂಖ್ಯೆ ಎರಡನ್ನೂ ಕದ್ದು ಬೇರೆ ವಿಳಾಸದಲ್ಲಿ ಅಂಗಡಿ ತೆರೆಯುವವರಿದ್ದಾರೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಹೆಸರಿನಲ್ಲಿ ಬಹಳ ಮೋಸ ನಡೆಯುತ್ತದೆ. ಜರ್ನಲ್ ಹಿಂದಿನ ಎರಡು ವರ್ಷ ಪ್ರಕಟಿಸಿದ ಬರಹಗಳು ಈ ವರ್ಷ ಎಷ್ಟು ಸಲ ಉಲ್ಲೇಖಗೊಂಡವು ಎಂಬುದನ್ನು ಆ ಅವಧಿಯ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಅದನ್ನು ಲೆಕ್ಕ ಹಾಕಿ ಕೊಡುವುದು ಕ್ಲಾರಿವೇಟ್ ಸಂಸ್ಥೆಯ ‘ಜರ್ನಲ್ ಸೈಟೇಶನ್ ರಿಪೋರ್ಟ್ಸ್’. ಅಲ್ಲಿ ಹೆಸರಿಲ್ಲದ ಜರ್ನಲ್ ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್ 6 ಎಂದೋ 7 ಎಂದೋ ಹಾಕಿಕೊಂಡಿದ್ದರೆ ಆ ಅಂಕಿಯನ್ನು ಎಲ್ಲೋ ದುಡ್ಡು ಕೊಟ್ಟು ತಂದಿರುತ್ತಾರೆ. ಅಸಲಿ ಅಂಕಿಯೂ ಜರ್ನಲ್‌ನ ಸರಾಸರಿಯಷ್ಟೇ, ಒಂದು ಪ್ರಬಂಧದ ತೂಕವನ್ನು ಅದು ಹೇಳುವುದಿಲ್ಲ.

ನಂತರ ಸಂಪಾದಕ ಮಂಡಳಿಯ ಪುಟ ತೆರೆಯಿರಿ. ಮೂರು ಹೆಸರು ಆರಿಸಿ, ಅವರವರ ಸಂಸ್ಥೆಯ ಪುಟಕ್ಕೆ ಹೋಗಿ, ಈ ಜರ್ನಲ್‌ನ ಹೊಣೆಯನ್ನು ಅವರು ಹೇಳಿಕೊಂಡಿದ್ದಾರೆಯೇ ನೋಡಿ. ಕೇಳದೆಯೇ ದೊಡ್ಡವರ ಹೆಸರು ಹಾಕಿಕೊಳ್ಳುವುದು ಇಂಥವರ ಹಳೆಯ ಚಾಳಿ. ಕೊನೆಯ ಸಂಚಿಕೆಯಿಂದ ಎರಡು ಪ್ರಬಂಧ ಪೂರ್ತಿ ಓದಿ. ಈ ಒಂದು ಪರೀಕ್ಷೆ ಉಳಿದೆಲ್ಲಕ್ಕಿಂತ ಮೇಲು, ಮಾಡುವವರು ಮಾತ್ರ ಕಡಿಮೆ. ಕಲಾವಿಭಾಗದ ಜರ್ನಲ್‌ನಲ್ಲಿ ಸಿಮೆಂಟಿನ ಬಲದ ಪ್ರಬಂಧ ಕೂತಿದ್ದರೆ ಮುಂದೆ ನೋಡಬೇಕಿಲ್ಲ. ವಿಚಿತ್ರ ಇಂಗ್ಲಿಷ್ ಪದಗಳೂ ಒಂದು ಗುರುತು. ಕೃತಿಚೌರ್ಯ ಪತ್ತೆ ಸಾಫ್ಟ್‌ವೇರ್‌ನ ಕಣ್ಣು ತಪ್ಪಿಸಲು ಯಂತ್ರದಿಂದ ಪದ ಬದಲಿಸಿದಾಗ ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬೂಸಮ್ ಪೆರಿಲ್’ ಆದದ್ದು, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಷಸ್‌ನೆಸ್’ ಆದದ್ದು 2021ರಲ್ಲಿ ಬಯಲಾಯಿತು. ಪ್ರಬಂಧ ಓದಿದ ಯಾರ ಕಣ್ಣಿಗಾದರೂ ಇದು ಬೀಳಬೇಕಿತ್ತು.

ಶುಲ್ಕ ಕೇಳಿದ ಕೂಡಲೇ ನಕಲಿ ಎನ್ನಬೇಡಿ. ಮುಕ್ತಪ್ರವೇಶದ, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ, ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ಪಡೆಯುತ್ತವೆ, ಎಷ್ಟೆಂದು ಮೊದಲೇ ಪ್ರಕಟಿಸಿರುತ್ತವೆ. 2003ರಿಂದ ನಡೆದುಬಂದ ‘ಡಿಒಎಜೆ’ ಎಂಬ ಮುಕ್ತಪ್ರವೇಶ ಜರ್ನಲ್‌ಗಳ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಪಟ್ಟಿಯಲ್ಲಿ ಇರುವುದು ಒಳ್ಳೆಯ ಲಕ್ಷಣ, ಪೂರ್ತಿ ಭರವಸೆಯಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಬೇಕೆಂದೇ ದೊಡ್ಡ ದೋಷಗಳನ್ನಿಟ್ಟ ಪ್ರಬಂಧವನ್ನು 304 ಮುಕ್ತಪ್ರವೇಶ ಜರ್ನಲ್‌ಗಳಿಗೆ ಕಳಿಸಿ ನೋಡಿದಾಗ 157 ಜರ್ನಲ್‌ಗಳು ಒಪ್ಪಿಕೊಂಡಿದ್ದವು. ಅವುಗಳಲ್ಲಿ ಆ ಪಟ್ಟಿಯಲ್ಲಿದ್ದವೂ ಇದ್ದವು. ಆಮೇಲೆ ಪಟ್ಟಿ ಸೇರುವ ನಿಯಮಗಳನ್ನು ಬಿಗಿಮಾಡಿದರು.

ಪ್ರಶ್ನೆ: ಒಂದು ವಾರ ‘ಇದು ತಿಂದರೆ ಕ್ಯಾನ್ಸರ್’, ಮುಂದಿನ ವಾರ ‘ಇದು ತಿಂದರೆ ತೂಕ ಇಳಿಕೆ’. ಪತ್ರಿಕೆಯ ವಿಜ್ಞಾನ ಸುದ್ದಿಯನ್ನು ಮಕ್ಕಳಿಗೆ ಹೇಳುವ ಮೊದಲು ಏನು ನೋಡಬೇಕು? (ಪ್ರೌಢಶಾಲಾ ಶಿಕ್ಷಕಿ)

ಉತ್ತರ: ಯಾರ ಮೇಲೆ ಮಾಡಿದ್ದು, ಎಷ್ಟು ಜನರ ಮೇಲೆ, ಎಷ್ಟರಿಂದ ಎಷ್ಟಕ್ಕೆ ಏರಿತು. ಈ ಮೂರಕ್ಕೆ ಸುದ್ದಿಯಲ್ಲಿ ಉತ್ತರವಿಲ್ಲದಿದ್ದರೆ ತರಗತಿಗೆ ಒಯ್ಯಬೇಡಿ.

ಮೂರನೆಯದರಲ್ಲಿ ಎಲ್ಲರೂ ಮೋಸಹೋಗುತ್ತೇವೆ. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ‘ಎರಡುಪಟ್ಟು’ ಎಂಬ ಎಚ್ಚರಿಕೆ ಹೊರಬಿತ್ತು. ಮಾತು ಸುಳ್ಳಲ್ಲ. ಆದರೆ 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗಿತ್ತು, ಅಷ್ಟೇ. ಹೆದರಿ ಮಾತ್ರೆ ಬಿಟ್ಟವರು ಅನೇಕರು, ಮರುವರ್ಷ ಬೇಡದ ಗರ್ಭವೂ ಗರ್ಭಪಾತವೂ ಹೆಚ್ಚಿದವು. ಹಾಗಾಗಿ ‘ಶೇ ಇಷ್ಟು ಹೆಚ್ಚು’ ಎಂದಾಗಲೆಲ್ಲ ‘ಎಷ್ಟಕ್ಕಿಂತ?’ ಎಂದು ಕೇಳಲು ಮಕ್ಕಳಿಗೆ ಕಲಿಸಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಗುಂಪಿಗೇ ಸೇರಿಸಿದಾಗ ಎರಡರ ಅಪಾಯವೂ ಸಮ ಎಂದು ಅನೇಕರು ತಿಳಿದರು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅದು ಅಳೆಯುವುದಿಲ್ಲ.

ಎಷ್ಟು ಜನ ಎಂಬುದಕ್ಕೆ ಚಾಕೊಲೇಟ್ ಪ್ರಸಂಗ ತರಗತಿಯಲ್ಲಿ ಹೇಳುವಂಥದ್ದು. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂದು 2015ರಲ್ಲಿ ಹಲವು ದೇಶಗಳ ಪತ್ರಿಕೆಗಳು ಬರೆದವು. ಮೇಲೆ ಹೇಳಿದ ಬೊಹಾನನ್ ಮತ್ತು ಗೆಳೆಯರು ಪತ್ರಿಕೆಗಳು ಪರೀಕ್ಷಿಸಿ ನೋಡುತ್ತವೆಯೇ ಎಂದು ತಿಳಿಯಲು ಮಾಡಿದ್ದ ಪ್ರಯೋಗ ಅದು. ಪ್ರಯೋಗ ನಿಜವಾಗಿಯೇ ನಡೆದಿತ್ತು. ಕೊನೆಗೆ ಲೆಕ್ಕಕ್ಕೆ ಸಿಕ್ಕವರು 15 ಜನ, ಅವಧಿ ಮೂರು ವಾರ, ಅಳೆದದ್ದು ತೂಕ, ಕೊಲೆಸ್ಟರಾಲ್, ನಿದ್ದೆ ಹೀಗೆ 18 ಸಂಗತಿ. ಹದಿನೆಂಟು ಅಳೆದರೆ ಬರೀ ಆಕಸ್ಮಿಕವಾಗಿ ಒಂದಾದರೂ ‘ಗಣನೀಯ’ ಎಂದು ಕಾಣುವ ಸಾಧ್ಯತೆ ಶೇ 60ರ ಹತ್ತಿರ. ಒಂದು ಅಳತೆ ಹಾಗೆ ಕಾಣದಿರುವ ಸಾಧ್ಯತೆ 0.95, ಅದನ್ನು ಹದಿನೆಂಟು ಸಲ ಗುಣಿಸಿ ಒಂದರಿಂದ ಕಳೆಯಿರಿ, ಮಕ್ಕಳೇ ಲೆಕ್ಕ ಹಾಕಬಲ್ಲರು. ಅವರಿಗೆ ಗಂಟುಬಿದ್ದದ್ದು ತೂಕ. ನಿದ್ದೆ ಬಿದ್ದಿದ್ದರೆ ಶೀರ್ಷಿಕೆ ‘ಚಾಕೊಲೇಟ್ ತಿಂದರೆ ಗಾಢ ನಿದ್ದೆ’ ಎಂದಿರುತ್ತಿತ್ತು.

ಯಾರ ಮೇಲೆ ಎಂಬುದು ಇಲಿಯೋ ಮನುಷ್ಯನೋ ಎಂಬ ಪ್ರಶ್ನೆ. ಇಲ್ಲಿ ಪತ್ರಕರ್ತರನ್ನಷ್ಟೇ ದೂರಬೇಡಿ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ಪ್ರಾಣಿಗಳ ಮೇಲಿನ ಸಂಶೋಧನೆಯ ಕುರಿತಾದ ಪ್ರಕಟಣೆಗಳ ಪೈಕಿ ಶೇ 36ರಲ್ಲಿ ಅದನ್ನು ಮನುಷ್ಯರಿಗೆ ಹಿಗ್ಗಿಸಿ ಹೇಳಿದ್ದು ಕಂಡಿತ್ತು. ಉತ್ಪ್ರೇಕ್ಷೆ ಎಷ್ಟೋ ಸಲ ವಿಶ್ವವಿದ್ಯಾಲಯದ ಬಾಗಿಲಲ್ಲೇ ಹುಟ್ಟಿ ಪತ್ರಿಕೆಗೆ ಬರುತ್ತದೆ. ಮೂಲ ಪ್ರಬಂಧದ ಸಾರಾಂಶ ಓದಿದರೂ ಇಲಿ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ವಿಕಿಪೀಡಿಯವನ್ನು ಉಲ್ಲೇಖಿಸಬಾರದು ಎನ್ನುತ್ತಾರೆ. ಎಲ್ಲರೂ ಮೊದಲು ನೋಡುವುದು ಅದನ್ನೇ. ಏನು ಮಾಡುವುದು?

ಉತ್ತರ: ನೋಡಿ, ಉಲ್ಲೇಖಿಸಬೇಡಿ. ಅದು ವಿಶ್ವಕೋಶ, ಮುದ್ರಿತ ವಿಶ್ವಕೋಶವನ್ನೂ ಥೀಸಿಸ್‌ನಲ್ಲಿ ಪುರಾವೆಯಾಗಿ ಕೊಡುವುದಿಲ್ಲ. ವಾಕ್ಯದ ಕೊನೆಯ ಅಂಕಿ ಒತ್ತಿ, ಅಡಿಟಿಪ್ಪಣಿಯ ಆಕರಕ್ಕೆ ಹೋಗಿ, ಅದರಲ್ಲಿ ಆ ಮಾತು ನಿಜವಾಗಿ ಇದೆಯೇ ನೋಡಿ. ‘ಚರ್ಚೆ’ ಪುಟದಲ್ಲಿ ಯಾವುದರ ಬಗ್ಗೆ ಜಗಳವಿದೆ ಎಂದು ತಿಳಿಯುತ್ತದೆ. ‘ಇತಿಹಾಸ’ ಪುಟದಲ್ಲಿ ಒಂದು ವಾಕ್ಯ ಯಾವ ದಿನ ಸೇರಿತು ಎಂದು ಸಿಗುತ್ತದೆ.

ಈ ದಿನಾಂಕ ಏಕೆ ಬೇಕು ಎಂದರೆ, ಮಾತು ಸುತ್ತು ಹಾಕಿ ತನಗೆ ತಾನೇ ಸಾಕ್ಷಿಯಾಗುವುದುಂಟು. 2008ರಲ್ಲಿ ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ವಿಕಿಪೀಡಿಯದ ‘ಕೋವಾಟಿ’ ಎಂಬ ಪ್ರಾಣಿಯ ಪುಟದಲ್ಲಿ ‘ಇದಕ್ಕೆ ಬ್ರೆಜಿಲಿಯನ್ ಆರ್ಡ್‌ವಾರ್ಕ್ ಎಂಬ ಹೆಸರೂ ಇದೆ’ ಎಂದು ತಾನೇ ಹುಟ್ಟಿಸಿ ಬರೆದ. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ವಿಶ್ವವಿದ್ಯಾಲಯದ ಮುದ್ರಣಾಲಯವೊಂದರ ಪುಸ್ತಕದೊಳಗೂ ಅದು ಸೇರಿತು. ಆಮೇಲೆ ವಿಕಿಪೀಡಿಯದ ಆ ವಾಕ್ಯಕ್ಕೇ ಪತ್ರಿಕೆಯ ವರದಿ ಆಕರವಾಯಿತು. ಬಯಲಾದದ್ದು 2014ರಲ್ಲಿ. ಆಕರದ ದಿನಾಂಕ ವಿಕಿಪೀಡಿಯದ ವಾಕ್ಯ ಸೇರಿದ ದಿನಕ್ಕಿಂತ ಹಿಂದಿನದೇ ಎಂದು ನೋಡಿದರೆ ಈ ಸುತ್ತು ಸಿಕ್ಕಿಬೀಳುತ್ತದೆ.

ಪ್ರಶ್ನೆ: ಗೊತ್ತಿಲ್ಲದ ಸಂಸ್ಥೆಯ ಜಾಲತಾಣದಲ್ಲಿ ಒಳ್ಳೆಯ ವರದಿ ಸಿಕ್ಕಿದೆ. ವಿಳಾಸ ‘ಡಾಟ್ ಒಆರ್‌ಜಿ’, ಅಡಿಟಿಪ್ಪಣಿಗಳೂ ಇವೆ. ನಂಬಬಹುದೇ?

ಉತ್ತರ: ‘ಡಾಟ್ ಒಆರ್‌ಜಿ’ ಯಾರು ಬೇಕಾದರೂ ಕೊಳ್ಳಬಹುದಾದ ವಿಳಾಸ. ಅಡಿಟಿಪ್ಪಣಿ ಹಾಕುವುದೂ ಕಷ್ಟವಲ್ಲ. ತಾಣದ ಒಳಗೇ ಓಡಾಡಿ ‘ನಮ್ಮ ಬಗ್ಗೆ’ ಪುಟ ಓದಿದರೆ ಅವರು ತಮ್ಮ ಬಗ್ಗೆ ಹೇಳಿಕೊಂಡದ್ದಷ್ಟೇ ಸಿಗುತ್ತದೆ. ಹೊರಗೆ ಬನ್ನಿ.

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 45 ಜನರು ಜಾಲತಾಣಗಳನ್ನು ಹೇಗೆ ತೂಗುತ್ತಾರೆ ಎಂದು ನೋಡಿದರು: 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು, 25 ವಿದ್ಯಾರ್ಥಿಗಳು. ಒಂದು ಪರೀಕ್ಷೆಯಲ್ಲಿ ಹೆಸರು ಬಹುತೇಕ ಒಂದೇ ಥರದ ಎರಡು ಮಕ್ಕಳ ವೈದ್ಯರ ಸಂಘಗಳ ಪುಟಗಳನ್ನು ಕೊಟ್ಟಿದ್ದರು. ಒಂದು 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ದೊಡ್ಡ ಸಂಘ. ಇನ್ನೊಂದು 2002ರಲ್ಲಿ ಭಿನ್ನಮತದಿಂದ ಹುಟ್ಟಿದ ಚಿಕ್ಕ ಗುಂಪು. ವಿದ್ಯಾರ್ಥಿಗಳಲ್ಲಿ ಬಹಳ ಮಂದಿ, ಇತಿಹಾಸಕಾರರಲ್ಲೂ ಕೆಲವರು, ಪುಟದ ಅಂದ, ಆಕರಪಟ್ಟಿ ನೋಡಿ ತಪ್ಪಿದರು. ಸತ್ಯಶೋಧಕರು ಪುಟವನ್ನು ಪೂರ್ತಿ ಓದುವ ಮೊದಲೇ ಹೊಸ ಟ್ಯಾಬ್‌ಗಳನ್ನು ತೆರೆದು ಈ ಸಂಘದ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ನೋಡಿದರು, ಬೇಗ ಸರಿಯಾದ ಉತ್ತರ ಮುಟ್ಟಿದರು. ನೀವೂ ಸಂಸ್ಥೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಜೊತೆಗೆ ‘ಹಣ’, ‘ವಿವಾದ’, ‘ಸ್ಥಾಪಕರು’ ಎಂಬ ಪದಗಳನ್ನು ಸೇರಿಸಿ ಹುಡುಕಿ. ಬಂದ ಮೊದಲ ಕೊಂಡಿಯನ್ನೇ ಒತ್ತದೆ, ಇಡೀ ಪುಟದ ಫಲಿತಾಂಶಗಳನ್ನು ಒಮ್ಮೆ ಕಣ್ಣಾಡಿಸಿ.

ಪ್ರಶ್ನೆ: ಚಾಟ್‌ಜಿಪಿಟಿ ಕೊಟ್ಟ ಆರು ಉಲ್ಲೇಖಗಳಲ್ಲಿ ಎರಡು ಎಲ್ಲಿಯೂ ಸಿಗುತ್ತಿಲ್ಲ. ಹುಡುಕುವುದರಲ್ಲಿ ನನ್ನದೇ ತಪ್ಪಿದೆಯೇ?

ಉತ್ತರ: ನಿಮ್ಮ ತಪ್ಪಿಲ್ಲ, ಆ ಎರಡು ಪ್ರಬಂಧಗಳು ಇಲ್ಲದೆಯೇ ಇರಬಹುದು. ಇಂಥ ಸಾಧನಗಳು ಉಲ್ಲೇಖದ ರೂಪಕ್ಕೆ ಹೊಂದುವ ಪದಗಳನ್ನು ಜೋಡಿಸಿಬಿಡಬಲ್ಲವು. ಲೇಖಕರೂ ಜರ್ನಲ್ಲೂ ನಿಜ, ಪ್ರಬಂಧ ಮಾತ್ರ ಹುಟ್ಟೇ ಇಲ್ಲ. ಡಿಒಐ ಹಾಕಿ ನೋಡಿ, ತೆರೆಯದೆ ಇರಬಹುದು, ಇಲ್ಲವೇ ಬೇರೆಯೇ ಪ್ರಬಂಧ ತೆರೆಯಬಹುದು. ಜರ್ನಲ್‌ನ ಆ ಸಂಪುಟ, ಸಂಚಿಕೆಯ ಪರಿವಿಡಿ ತೆರೆದು ಆ ಪುಟದಲ್ಲಿ ಯಾವ ಪ್ರಬಂಧವಿದೆ ನೋಡಿ. ಸಿಕ್ಕಿತೆಂದು ಬಿಡದೆ ಉಳಿದ ನಾಲ್ಕನ್ನೂ ತೆರೆದು ಓದಿ, ಪ್ರಬಂಧ ನಿಜವಿದ್ದು ಅದರಲ್ಲಿ ಆ ಮಾತೇ ಇಲ್ಲದಿರುವುದೂ ಉಂಟು. ‘ಇದು ನಿಜವೇ?’ ಎಂದು ಅದನ್ನೇ ತಿರುಗಿ ಕೇಳಬೇಡಿ. ನ್ಯೂಯಾರ್ಕಿನ ವಕೀಲರೊಬ್ಬರು ಹಾಗೆ ಕೇಳಿದ್ದರು, ನಿಜವೆಂದು ಉತ್ತರ ಬಂದಿತ್ತು. ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು.

ಪ್ರಶ್ನೆ: ಎರಡು ಒಳ್ಳೆಯ ಜರ್ನಲ್‌ಗಳ ಪ್ರಬಂಧಗಳು ಒಂದಕ್ಕೊಂದು ವಿರುದ್ಧವಾಗಿವೆ. ಒಂದಕ್ಕೆ ಕಂಪನಿಯ ಹಣವಿದೆ. ಅದನ್ನು ಕೈಬಿಡಲೇ? (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಕೈಬಿಡಬೇಡಿ, ಹೆಚ್ಚು ಬಿಗಿಯಾಗಿ ಓದಿ. ಹಣ ಎಲ್ಲಿಂದ ಬಂತೆಂಬುದು ಅನುಮಾನಕ್ಕೆ ಕಾರಣ, ತಪ್ಪಿಗೆ ಪುರಾವೆಯಲ್ಲ. ಯಾವುದರೊಂದಿಗೆ ಹೋಲಿಸಿದ್ದಾರೆ ನೋಡಿ. ಹೊಸ ಔಷಧವನ್ನು ಹಳೆಯದರ ತೀರಾ ಕಡಿಮೆ ಪ್ರಮಾಣದೊಂದಿಗೆ ಹೋಲಿಸಿದರೆ ಹೊಸದೇ ಗೆಲ್ಲುತ್ತದೆ. ಪ್ರಯೋಗಕ್ಕೆ ಮೊದಲೇ ನೋಂದಣಿ ಮಾಡಿಸಿದ್ದರೆ ಆ ದಾಖಲೆ ತೆಗೆದು, ಅಳೆಯುತ್ತೇವೆ ಎಂದದ್ದನ್ನೂ ಪ್ರಬಂಧದಲ್ಲಿ ಮುಂದಿಟ್ಟದ್ದನ್ನೂ ಹೋಲಿಸಿ. ನಡುವೆ ಬದಲಾಗಿದ್ದರೆ ಅದನ್ನು ನಿಮ್ಮ ಥೀಸಿಸ್‌ನಲ್ಲಿ ಬರೆಯಿರಿ.

ಎಷ್ಟೋ ಸಲ ಎರಡೂ ಪ್ರಬಂಧಗಳು ತಮ್ಮಷ್ಟಕ್ಕೆ ಸರಿಯೇ ಇರುತ್ತವೆ. ಒಂದು ವಯಸ್ಸಾದವರನ್ನು ನೋಡಿರುತ್ತದೆ, ಇನ್ನೊಂದು ಎಳೆಯರನ್ನು. ಒಂದು ಆರು ವಾರ ಅಳೆದಿರುತ್ತದೆ, ಇನ್ನೊಂದು ಐದು ವರ್ಷ. ಜನ, ಅವಧಿ, ಪ್ರಮಾಣ, ಅಳತೆಯ ಬಗೆ ಎಂಬ ನಾಲ್ಕು ಅಂಕಣ ಹಾಕಿ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ ಆ ಪ್ರಶ್ನೆಯ ಎಲ್ಲ ಅಧ್ಯಯನಗಳನ್ನೂ ಒಟ್ಟುಮಾಡಿ ತೂಗಿದ ವ್ಯವಸ್ಥಿತ ಪರಾಮರ್ಶೆ ಇದೆಯೇ ಹುಡುಕಿ. ವೈದ್ಯಕೀಯದಲ್ಲಾದರೆ 1993ರಲ್ಲಿ ಶುರುವಾದ ‘ಕಾಕ್ರನ್’ ಸಂಸ್ಥೆಯ ಪರಾಮರ್ಶೆಗಳನ್ನು ಮೊದಲು ನೋಡಿ. ಅದರಲ್ಲೂ ‘ಪುರಾವೆ ಸಾಲದು’ ಎಂದಿದ್ದರೆ ನೀವೂ ಹಾಗೆಂದೇ ಬರೆಯಿರಿ, ಮೌಖಿಕ ಪರೀಕ್ಷೆಯಲ್ಲಿ ಆ ಮಾತನ್ನು ನೀವು ಸಮರ್ಥಿಸಿಕೊಳ್ಳಬಲ್ಲಿರಿ.